ಮೆಟ್ಟಿಲ ಕಲ್ಲಿನ ಹೆಸರು

ಯಲ್ಲದಕೆರೆ
14 ನವೆಂಬರ್ 2024

ಸಿಎಸ್‌ಆರ್ ವಿಭಾಗದ ಅಧಿಕಾರಿಗಳಿಗೆ,
ಗಿರಿಮಾರುತ ವಿಂಡ್ ಪವರ್ ಕಂಪನಿ, ಬೆಂಗಳೂರು

ಮಾನ್ಯರೇ,

ನಮ್ಮೂರ ಗುಡ್ಡದ ಮೇಲೆ ನಿಮ್ಮ ಗಾಳಿಯಂತ್ರಗಳು ತಿರುಗಲು ಶುರುವಾಗಿ ಹನ್ನೊಂದು ವರ್ಷವಾಯಿತು. ಅವು ನಮ್ಮನ್ನು ಮಾತಾಡಿಸಿಲ್ಲ, ನಾವೂ ಅವನ್ನು ಮಾತಾಡಿಸಿಲ್ಲ. ಈಗ ಒಂದು ಕೆಲಸ ಬಿದ್ದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಊರ ಹೊರಗೆ ಹೊಸದುರ್ಗದ ದಾರಿಯಲ್ಲಿ ಕಲ್ಲಿನ ಅರವಟಿಗೆ ಇದೆ. ದಾರಿಯಲ್ಲಿ ಹೋಗುವವರಿಗೆ ನೀರು, ಬೇಸಿಗೆಯಲ್ಲಿ ಮಜ್ಜಿಗೆ ಕೊಡುವ ಮಂಟಪ. ಆರು ಕಂಬ, ಮೇಲೆ ಕಲ್ಲುಚಪ್ಪಡಿ, ಮುಂದೆ ಒಂದೇ ಒಂದು ಮೆಟ್ಟಿಲು. ನಮ್ಮವ್ವ ಅಲ್ಲಿ ಮೂವತ್ತು ಬೇಸಿಗೆ ನೀರು ಬಿಟ್ಟವಳು. ನಾನು ಅಕ್ಷರ ಕಲಿತದ್ದೂ ಶಾಲೆಯಲ್ಲಲ್ಲ, ಆ ಮೆಟ್ಟಿಲ ಮೇಲೆ. ಕಟ್ಟಿಸಿದವರ ಹೆಸರನ್ನು ಮೆಟ್ಟಿಲ ಮೇಲೆ ಕೆತ್ತಿದ್ದರು. ಜನ ತುಳಿದು ತುಳಿದು ನನ್ನ ಕಾಲಕ್ಕೆ ಕೊನೆಯ 'ಕ್ಕ' ಮಾತ್ರ ಉಳಿದಿತ್ತು. ಅವ್ವ ನನ್ನ ಬೆರಳನ್ನು ಆ 'ಕ್ಕ'ದ ಗೀರಿನಲ್ಲಿ ಇಟ್ಟು ತಿದ್ದಿಸುತ್ತಿದ್ದಳು. ಯಾವ ಅಕ್ಕ ಕಟ್ಟಿಸಿದಳೋ ಯಾರಿಗೂ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆ ಲಾರಿಯೊಂದು ತಿರುವಿನಲ್ಲಿ ಹಿಂದೆ ಬರುವಾಗ ತಗುಲಿತು. ಒಂದು ಕಂಬ ವಾಲಿತು, ಎರಡು ಚಪ್ಪಡಿ ಬಿದ್ದವು, ಮೆಟ್ಟಿಲು ಮೂರು ಹೋಳಾಯಿತು. ಈಗ ರಸ್ತೆ ಅಗಲ ಮಾಡುತ್ತಾರಂತೆ. ಬರುವ ಏಪ್ರಿಲ್ 9ಕ್ಕೆ ಅಳತೆ. ಅಳತೆಗೆ ಬರುವ ಸಾಹೇಬರು ನೇರವಾಗಿ ಹೇಳಿದರು: "ಆ ದಿನ ಒಳಗೆ ನೀರು ಕೊಡ್ತಾ ಇದ್ರೆ ಬಳಕೆಯಲ್ಲೈತೆ ಅಂತ ಬರೀತೀನಮ್ಮ, ರಸ್ತೆ ಅತ್ತ ಸರಿತೈತೆ. ಖಾಲಿ ಇದ್ರೆ ಪಾಳು ಅಂತ ಬರೀತೀನಿ. ಪಾಳು ಅಂತ ಬರೆದದ್ದು ಉಳಿಯಲ್ಲ."

ನಮ್ಮ ಸಮಿತಿಯಲ್ಲಿರುವುದು ಮೂರೇ ಜನ. ನೀರು ಬಿಡುವ ವೀರಮ್ಮ, ಕಲ್ಲುಕೆಲಸದ ಕಾಟಪ್ಪ ಮತ್ತು ಈ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಮುದ್ರೆ ಒತ್ತಿ ನಿವೃತ್ತಳಾದ ನಾನು. ಕೈಗಳಿವೆ, ಕಲ್ಲು ತರಿಸುವ ಶಕ್ತಿ ಇಲ್ಲ. ನೆರವಾಗುತ್ತೀರಾ?

ಇಂತಿ,
ಏಕಾಂತಮ್ಮ
ಕಾರ್ಯದರ್ಶಿ, ಅರವಟಿಗೆ ಉಳಿಸುವ ಸಮಿತಿ

⁂

ಬೆಂಗಳೂರು
9 ಡಿಸೆಂಬರ್ 2024

ಮಾನ್ಯ ಕಾರ್ಯದರ್ಶಿಯವರೇ,

ತಮ್ಮ ಪತ್ರ ತಲುಪಿದೆ. ಈ ಕೆಳಗಿನ ಅಂಶಗಳನ್ನು ಗಮನಿಸಲು ಕೋರಿದೆ.

ಇನ್ನು ಮುಂದೆ ದಯವಿಟ್ಟು ಇ-ಮೇಲ್ ಮೂಲಕವೇ ವ್ಯವಹರಿಸಿ. ತಮ್ಮ ಪತ್ರದ ಮೂರನೇ ಪ್ಯಾರಾದಲ್ಲಿರುವ ಲಾರಿಯ ವಿಷಯವನ್ನು ಕೈಬಿಟ್ಟು ಹೊಸದಾಗಿ ಅರ್ಜಿ ಕಳುಹಿಸಿ. ಆ ಲಾರಿ ನಮ್ಮ ಕಂಪನಿಯದ್ದೆಂಬುದಕ್ಕೆ ಆಧಾರವಿಲ್ಲವೆಂದೂ ಪರಿಹಾರದ ಬೇಡಿಕೆಗಳನ್ನು ಈ ವಿಭಾಗ ಪರಿಗಣಿಸುವುದಿಲ್ಲವೆಂದೂ ಕಾನೂನು ವಿಭಾಗ ತಿಳಿಸಿದೆ.

ಲಗತ್ತಿಸಿರುವ ನಮೂನೆಯನ್ನು ಭರ್ತಿ ಮಾಡಿ. ಫಲಾನುಭವಿಗಳ ಹೆಸರು, ಮೊಬೈಲ್ ಮತ್ತು ಆಧಾರ್ ಸಂಖ್ಯೆ ಕಡ್ಡಾಯ. ಐದು ವರ್ಷಗಳ ನಂತರ ಯೋಜನೆಯಿಂದ ಹೊರಬರುವ ಕ್ರಮವನ್ನೂ ವಿವರಿಸಿ.

ತಮ್ಮ ವಿಶ್ವಾಸಿ,
ಮೋಹನ್‌ಕುಮಾರ್
ಸಿಎಸ್‌ಆರ್ ವಿಭಾಗ

⁂

ಯಲ್ಲದಕೆರೆ
16 ಡಿಸೆಂಬರ್ 2024

ಮಾನ್ಯ ಮೋಹನ್‌ಕುಮಾರ್ ಅವರೇ,

ಪರಿಹಾರ ಯಾರು ಕೇಳಿದರು ಸ್ವಾಮಿ? ಲಾರಿ ತಗುಲಿತು ಎಂದೆ, ನಿಮ್ಮ ಲಾರಿ ಎಂದೆನೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇರಲಿ, ಆ ಪ್ಯಾರಾ ತೆಗೆದಿದ್ದೇನೆ. ಈಗ ಅರ್ಜಿ ಓದಿದರೆ ಕಲ್ಲು ತಾನಾಗಿಯೇ ಮನಸ್ಸಿಗೆ ಬೇಜಾರಾಗಿ ಬಿದ್ದ ಹಾಗಿದೆ.

ಇ-ಮೇಲ್ ನನಗೆ ಬರುವುದಿಲ್ಲ. ಫೋನ್ ಮಾಡಿದರೆ ಒಬ್ಬ ಹುಡುಗಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಾಳೆ, ನಾನು ಒತ್ತಿದ್ದೆಲ್ಲ ತಪ್ಪಾಗುತ್ತದೆ. ನನ್ನ ಮಟ್ಟಿಗೆ ಮುದ್ರೆ ಬೀಳದ ಮಾತು ಮಾತಲ್ಲ. ಕಾಗದ ಬರೆಯಿರಿ, ನಿಮ್ಮ ಕೈಯೇನು ಸವೆಯುವುದಿಲ್ಲ.

ನಮೂನೆ ತುಂಬಿದ್ದೇನೆ, ಎರಡು ಕಡೆ ಬಿಟ್ಟಿದ್ದೇನೆ. ಫಲಾನುಭವಿಗಳ ಹೆಸರು ಕೇಳಿದ್ದೀರಿ. ಅರವಟಿಗೆಗೆ ಬಂದವರ ಹೆಸರು ಕೇಳುವ ಹಾಗಿಲ್ಲ, ಅದು ಆ ಜಾಗದ ಕಟ್ಟಳೆ. ಹೆಸರು ಕೇಳಿದರೆ ಊರು ಕೇಳುತ್ತೀರಿ, ಊರು ಕೇಳಿದರೆ ಕೇರಿ ಕೇಳುತ್ತೀರಿ, ಆಮೇಲೆ ನೀರನ್ನು ಎಷ್ಟು ಎತ್ತರದಿಂದ ಬಿಡಬೇಕು ಅಂತ ಯೋಚನೆ ಶುರುವಾಗುತ್ತದೆ. ನಮ್ಮವ್ವ ಹೇಳುತ್ತಿದ್ದಳು, "ಬಾಯಾರಿದೋರಿಗೆ ಹೆಸರಿರಲ್ಲ ಕಣೆ, ಗಂಟಲು ಮಾತ್ರ ಇರತೈತೆ." ಹಾಗಾಗಿ ಪಟ್ಟಿ ಇಲ್ಲ. ಕುರಿ, ದನ, ಕಾಗೆಗಳಿಗೂ ಆಧಾರ್ ಇಲ್ಲ.

ಐದು ವರ್ಷದ ನಂತರ ಹೇಗೆ ಹೊರಬರುತ್ತೀರಿ ಎಂದಿದ್ದೀರಿ. ಸಮಿತಿ ಕೂತು ಯೋಚಿಸಿದೆವು, ಅರ್ಥವಾಗಲಿಲ್ಲ. "ಎಲ್ಲಿಗೆ ಹೋಗಾಣ ಅಂತಾರಕ್ಕ ಇವ್ರು?" ಎಂದ ಕಾಟಪ್ಪ. ನಾವು ಎಲ್ಲಿಗೂ ಹೋಗುವುದಿಲ್ಲ. ನಾನು ಹೊರಬಂದರೆ ನಾಲ್ಕು ಜನರ ಹೆಗಲ ಮೇಲೆಯೇ.

ಇಂತಿ,
ಏಕಾಂತಮ್ಮ

⁂

ಬೆಂಗಳೂರು
6 ಜನವರಿ 2025

ಮಾನ್ಯ ಏಕಾಂತಮ್ಮನವರೇ,

ತಮ್ಮ ಪತ್ರವನ್ನು ಕಚೇರಿಯಲ್ಲಿ ಜೋರಾಗಿ ಓದಿಬಿಟ್ಟೆ. ಎಲ್ಲರೂ ನಕ್ಕರು. ಆಮೇಲೆ ಇದನ್ನು ಕಡತದಲ್ಲಿ ಹೇಗೆ ಸೇರಿಸುವುದೆಂದು ತಿಳಿಯದೆ ಕುಳಿತೆ.

ತೊಂದರೆ ಏನೆಂದರೆ, ನಮ್ಮ ಪಟ್ಟಿಯಲ್ಲಿ ಶಿಕ್ಷಣ, ಆರೋಗ್ಯ, ಪರಿಸರ, ಕುಡಿಯುವ ನೀರು ಇವೆ. ಹಳೆಯದನ್ನು ಸರಿಮಾಡುವುದು ಎಂಬ ಸಾಲೇ ಇಲ್ಲ. ಹಾಗಾಗಿ 'ಕುಡಿಯುವ ನೀರು' ಎಂಬಲ್ಲಿ ಗುರುತು ಹಾಕಿದ್ದೇನೆ. ಫಲಾನುಭವಿಗಳು ಎಂಬಲ್ಲಿ 'ಸಾರ್ವಜನಿಕರು' ಎಂದು ಬರೆದಿದ್ದೇನೆ. ತಾವು ಆತಂಕಪಡಬೇಕಿಲ್ಲ.

ತಮ್ಮ ವಿಶ್ವಾಸಿ,
ಮೋಹನ್‌ಕುಮಾರ್

⁂

ಯಲ್ಲದಕೆರೆ
21 ಜನವರಿ 2025

ಮಾನ್ಯ ಮೋಹನ್‌ಕುಮಾರ್ ಅವರೇ,

ಆತಂಕಪಡಬೇಡಿ ಎಂದಿರಿ. ನಿನ್ನೆ ಒಂದು ಲಾರಿ ಬಂತು. ನೀಲಿ ಬಣ್ಣದ ಪ್ಲಾಸ್ಟಿಕ್ ಟ್ಯಾಂಕು, ನೀರು ಶುದ್ಧ ಮಾಡುವ ಯಂತ್ರ, ನಾಲ್ಕು ನಲ್ಲಿ. ಇಳಿಸಿದವನು ವೀರಮ್ಮನನ್ನು ಕೇಳಿದ, "ಕರೆಂಟ್ ಪಾಯಿಂಟ್ ಎಲ್ಲೈತಮ್ಮ?" ಅವಳು ಗುಡ್ಡದ ಕಡೆ ಕೈ ತೋರಿಸಿ, "ಅಲ್ಲಿ ತಿರುಗ್ತಾ ಐತಲ್ಲಪ್ಪ, ಅಲ್ಲೈತೆ. ಇಲ್ಲಿಗೆ ಬಂದಿಲ್ಲ" ಎಂದಳು.

ನಾವು ಕೇಳಿದ್ದು ಒಂದು ಕಂಬ, ಎರಡು ಚಪ್ಪಡಿ, ಒಂದು ಮೆಟ್ಟಿಲು. ಬಂದದ್ದು ಯಂತ್ರ. ಕಾಟಪ್ಪ ಅದರ ಸುತ್ತ ಮೂರು ಸುತ್ತು ಬಂದು, "ಇದನ್ನ ಯಾವ ಕಂಬದ ಬದಲಿಗೆ ನಿಲ್ಲಿಸಬೇಕಕ್ಕ?" ಎಂದು ನಿಜವಾಗಿಯೂ ಕೇಳಿದ. ನನಗೂ ಗೊತ್ತಾಗಲಿಲ್ಲ. ಸದ್ಯಕ್ಕೆ ಶಾಲೆಗೆ ಕೊಟ್ಟಿದ್ದೇವೆ.

ಏಪ್ರಿಲ್ 9 ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲೂ ಇದೆ ತಾನೇ? ಒಮ್ಮೆ ನೋಡಿಕೊಳ್ಳಿ.

ಏಕಾಂತಮ್ಮ

⁂

ಬೆಂಗಳೂರು
3 ಫೆಬ್ರವರಿ 2025

ಮಾನ್ಯ ಏಕಾಂತಮ್ಮನವರೇ,

ಯಂತ್ರದ ವಿಷಯದಲ್ಲಿ ತಪ್ಪು ನನ್ನದೇ. ಕ್ಷಮಿಸಿ.

ಒಳ್ಳೆಯ ಸುದ್ದಿ ಇದೆ. ಕಡತ ನಮ್ಮ ಯಜಮಾನರ ಕೈಗೆ ಹೋಯಿತು. ಅವರು ಹುಟ್ಟಿ ಬೆಳೆದದ್ದು ಮುಂಬೈ. ಆದರೆ ತಾಯಿಯ ತವರು ಹೊಸದುರ್ಗದ ಕಡೆಯಂತೆ. ಹಿಂದಿನ ವರ್ಷ ಆ ತಾಯಿ ತೀರಿಕೊಂಡರು. 'ಹೊಸದುರ್ಗದ ದಾರಿ' ಎಂಬುದನ್ನು ಓದಿ ಒಪ್ಪಿಗೆ ಕೊಟ್ಟರು. ಅರ್ಧ ಹಣ ಈಗ, ಉಳಿದ ಅರ್ಧ ಹೆಸರಿನ ಕಲ್ಲಿನ ಚಿತ್ರ ಬಂದ ಮೇಲೆ. ಆ ಎರಡನೇ ಅರ್ಧ ಸ್ವಲ್ಪ ತಡವಾಗಬಹುದು. ಪಾರ್ಶ್ವವಾಯು ಬಡಿದ ಮೇಲೆ ಯಜಮಾನರು ಎಡಗೈಯಲ್ಲಿ ಸಹಿ ಮಾಡುತ್ತಾರೆ, ಬ್ಯಾಂಕಿನವರಿಗೆ ಹೊಸ ಸಹಿ ಒಪ್ಪಿಸಬೇಕು.

ಅವರದು ಒಂದೇ ಷರತ್ತು. ಕಂಪನಿಯ ಹೆಸರು ಬೇಡ, ತಾಯಿಯ ಹೆಸರು ಬೇಕು. ಕಲ್ಲಿನಲ್ಲಿ ಕೆತ್ತಿ, ಆ ಕಟ್ಟಡದಲ್ಲೇ ಅತ್ಯಂತ ಗೌರವದ ಜಾಗದಲ್ಲಿ ಇಡಬೇಕು. ಹೆಸರು: ಚಂದ್ರಕ್ಕ.

ತಮ್ಮ ವಿಶ್ವಾಸಿ,
ಮೋಹನ್‌ಕುಮಾರ್

⁂

ಯಲ್ಲದಕೆರೆ
14 ಫೆಬ್ರವರಿ 2025

ಪ್ರಿಯ ಮೋಹನ್‌ಕುಮಾರ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಕಂಪನಿಯವರೆಂದರೆ ಅಂಗಡಿಯ ಹಾಗೆ ಮೇಲೆ ಬೋರ್ಡು ಹಾಕಿಸುವವರು ಅಂದುಕೊಂಡಿದ್ದೆ. ನಿಮ್ಮ ಯಜಮಾನರು ಕೇಳಿದ್ದನ್ನು ಕೇಳಲು ದೊಡ್ಡ ಮನಸ್ಸು ಬೇಕು. ಮುಂಬೈಯಲ್ಲಿ ಬೆಳೆದರೂ ತಾಯಿ ಎಲ್ಲ ಹೇಳಿಕೊಟ್ಟಿದ್ದಾಳೆ.

ಸಮಿತಿಯಲ್ಲಿ ಜಗಳವಾಯಿತು, ಮುಚ್ಚಿಡುವುದಿಲ್ಲ. ವೀರಮ್ಮ ಬಿಲ್‌ಕುಲ್ ಒಪ್ಪಲಿಲ್ಲ. "ಕಣ್ಣಲ್ಲಿ ಕಾಣದ ಕಂಪನಿಗೆ ಆ ಜಾಗ ಕೊಡಾಕಾಗಲ್ಲ. ಆ ಅಕ್ಕನ ನಂತರ ಯಾರಿಗೂ ಕೊಟ್ಟಿಲ್ಲ" ಎಂದಳು. ನಾನು, "ಅದು ಕಂಪನಿಯಲ್ಲವೇ, ತವರಿನ ದಾರಿಗೆ ಬರ್ತಿರೋ ಒಬ್ಬ ಹೆಣ್ಣುಮಗಳು" ಎಂದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹಂಗಂದ್ರೆ ಬರ್ಲಿ ಬಿಡು" ಎಂದಳು.

ನೀವು ಕಳಿಸಿದ ಅರ್ಧ ಹಣದಲ್ಲಿ ಕಲ್ಲು ತರಿಸಿ, ಹಳೆಯ ಹೆಸರು ಎಲ್ಲಿತ್ತೋ ಅಲ್ಲೇ ಹೊಸ ಕಲ್ಲು ಕೂರಿಸಿದ್ದೇವೆ. ಕಾಟಪ್ಪ ಅಂಗೈಯಗಲದ ಅಕ್ಷರ ಕೆತ್ತಿದ್ದಾನೆ, ಆಳವಾಗಿ, ನೂರು ವರ್ಷ ಬರುವ ಹಾಗೆ. ಕಂಬವೂ ನೆಟ್ಟಗಾಯಿತು. ಇನ್ನು ಎರಡು ಚಪ್ಪಡಿ ತರಿಸಿ ಮೇಲೇರಿಸುವುದಷ್ಟೇ ಬಾಕಿ. ಕಾಟಪ್ಪನ ಸೊಸೆ ಮಂಗಳಾ ಹೆಸರಿನ ಚಿತ್ರ ತೆಗೆದಳು. ಹಿರಿಯೂರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಇದರೊಳಗೆ ಇಟ್ಟಿದ್ದೇನೆ. ಹತ್ತಿರದಿಂದ ತೆಗೆದದ್ದು, ಅಕ್ಷರ ಚೆನ್ನಾಗಿ ಕಾಣುತ್ತದೆ.

ಏಕಾಂತಮ್ಮ

⁂

ಬೆಂಗಳೂರು
24 ಫೆಬ್ರವರಿ 2025

ಏಕಾಂತಮ್ಮನವರೇ,

ಚಿತ್ರವನ್ನು ಯಜಮಾನರು ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ಇಟ್ಟುಕೊಂಡಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ನನ್ನನ್ನು ಕರೆದು ಕೈ ಹಿಡಿದುಕೊಂಡರು. ಎರಡು ವರ್ಷದಲ್ಲಿ ಅವರು ನನ್ನ ಮುಖ ನೋಡಿದ್ದು ಇದೇ ಮೊದಲು.

ಕಡತಕ್ಕಾಗಿ ಎರಡು ಸಣ್ಣ ವಿಷಯ. ಕಲ್ಲನ್ನು ಯಾವ ಗೋಡೆಯ ಮೇಲೆ ಇಟ್ಟಿದ್ದೀರಿ ಎಂದು ತಿಳಿಸಿ. ಜನ ಬಳಸುತ್ತಿರುವ ಒಂದು ಚಿತ್ರವನ್ನೂ ಕಳುಹಿಸಿ. ಅದು ಬಂದ ದಿನವೇ ಉಳಿದ ಅರ್ಧ ಹಣ ಹೊರಡುತ್ತದೆ.

ಮೋಹನ್‌ಕುಮಾರ್

⁂

ಯಲ್ಲದಕೆರೆ
5 ಮಾರ್ಚ್ 2025

ಪ್ರಿಯ ಮೋಹನ್‌ಕುಮಾರ್ ಅವರಿಗೆ,

ಗೋಡೆ ಎಂದು ಬರೆದಿದ್ದೀರಿ. ಅರವಟಿಗೆಗೆ ಗೋಡೆ ಎಲ್ಲಿರುತ್ತದಪ್ಪಾ? ನಾಲ್ಕು ದಿಕ್ಕಿನಿಂದಲೂ ಬರುವವರಿರುತ್ತಾರೆ. ಕೆಲಸದ ಒತ್ತಡದಲ್ಲಿ ಬೇರೆ ಕಡತದ ಮಾತು ಬರೆದಿದ್ದೀರಿ ಅಂತ ಕಾಣುತ್ತದೆ.

ಶಿವರಾತ್ರಿಯ ದಿನ ನೀರು ಬಿಡಲು ಶುರು ಮಾಡಿದೆವು, ಅರ್ಧ ಚಾವಣಿಯ ಕೆಳಗೇ. ಏನು ಜನ ಅಂತೀರಿ! ಚಿತ್ರ ಇಟ್ಟಿದ್ದೇನೆ. ಮುಂದೆ ಹತ್ತುತ್ತಿರುವವಳು ಶಿವಗಂಗಮ್ಮ, ಹಿಂದೆ ಅವಳ ಮಗಳು, ಅದರ ಹಿಂದೆ ಮಜ್ಜಿಗೆ ಕೊಡ ಹೊತ್ತ ಹೆಂಗಸರು. ಎಲ್ಲರ ಕಾಲೂ ಸರಿಯಾಗಿ ಚಂದ್ರಕ್ಕನ ಹೆಸರಿನ ಮೇಲೆಯೇ ಬಿದ್ದಿದೆ. ಅದಕ್ಕಾಗಿ ಮಂಗಳಾ ಮೂರು ಸಲ ಹತ್ತಿಸಿ ಇಳಿಸಿದಳು. ಯಜಮಾನರಿಗೆ ತೋರಿಸಿ. ಕಣ್ಣು ತುಂಬಿ ಬರುತ್ತದೆ ನೋಡಿ.

ಏಕಾಂತಮ್ಮ

⁂

ಬೆಂಗಳೂರು
15 ಮಾರ್ಚ್ 2025

ಕಾರ್ಯದರ್ಶಿಯವರಿಗೆ,

ಪತ್ರ ತಲುಪಿದ ಏಳು ದಿನಗಳೊಳಗೆ ಹೆಸರಿನ ಕಲ್ಲನ್ನು ಮೆಟ್ಟಿಲಿನಿಂದ ತೆಗೆದು ಕಂಪನಿಗೆ ಕಳುಹಿಸಬೇಕು. ಉಳಿದ ಹಣವನ್ನು ತಡೆಹಿಡಿಯಲಾಗಿದೆ.

ಮೋಹನ್‌ಕುಮಾರ್

⁂

ಯಲ್ಲದಕೆರೆ
20 ಮಾರ್ಚ್ 2025

ಮೋಹನ್‌ಕುಮಾರ್ ಅವರೇ,

ನಿಮ್ಮ ಎರಡು ಸಾಲಿನ ಕಾಗದವನ್ನು ಹತ್ತು ಸಲ ಓದಿದೆ. ಅಕ್ಷರ ಗೊತ್ತಾಗುತ್ತದೆ, ಅರ್ಥ ಗೊತ್ತಾಗುವುದಿಲ್ಲ. ಕೊನೆಗೆ ವೀರಮ್ಮನಿಗೆ ಓದಿ ಹೇಳಿದೆ. ಅವಳು, "ತುಳಿದ್ರು ಅಂತ ಸಿಟ್ಟು ಬಂದೈತೇನಕ್ಕ ಆ ಮಗನಿಗೆ?" ಎಂದಳು. ಆಗ ನನಗೆ ಬೆಳಕಾಯಿತು.

ಅಲ್ಲಪ್ಪಾ, ಅತ್ಯಂತ ಗೌರವದ ಜಾಗ ಎಂದು ಬರೆದವರು ನೀವೇ ತಾನೇ? ಅದಕ್ಕಿಂತ ಗೌರವದ ಜಾಗ ನಮ್ಮ ಕಡೆ ಇಲ್ಲ. ಗೋಡೆಗೆ ಹಾಕಿದ ಹೆಸರನ್ನು ಜನ ಓದಿ ಮರೆಯುತ್ತಾರೆ. ಮೆಟ್ಟಿಲಿಗೆ ಹಾಕಿದರೆ ಬಾಯಾರಿ ಬಂದವರ ಪಾದದ ಧೂಳು ಅದರ ಮೇಲೆ ಬೀಳುತ್ತದೆ. ಹಳೆಯ ಗುಡಿಗಳಲ್ಲೂ ನೋಡಿ, ಸೇವೆ ಮಾಡಿಸಿದವರು ಬಾಗಿಲ ನೆಲದಲ್ಲಿ ಅಡ್ಡಬಿದ್ದ ಹಾಗೆ ಕೆತ್ತಿಸಿಕೊಂಡಿರುತ್ತಾರೆ. ನಾನು ಸಣ್ಣವನು, ನಿಮ್ಮ ಕಾಲು ನನ್ನ ಮೇಲಿರಲಿ ಅಂತ. ಹೆಸರು ಸವೆದಷ್ಟೂ ಪುಣ್ಯ ಸಂದಿತು ಅಂತ. ಆ 'ಕ್ಕ' ಒಂದು ಉಳಿದಿದ್ದ ಅಕ್ಕ ಎಷ್ಟು ಪುಣ್ಯವಂತೆ ಅಂತ ನಮ್ಮವ್ವ ಹೊಟ್ಟೆಕಿಚ್ಚುಪಡುತ್ತಿದ್ದಳು.

ಸಿಟ್ಟೂ ಬಂದಿದೆ ನನಗೆ, ಹೇಳಿಬಿಡುತ್ತೇನೆ. ಕೇಳಬಾರದಿತ್ತೇ ಒಂದು ಮಾತು? ಯಂತ್ರ ಕಳಿಸುವಾಗಲೂ ಕೇಳಲಿಲ್ಲ, ಕಲ್ಲು ಕೀಳಿ ಎನ್ನುವಾಗಲೂ ಕೇಳಲಿಲ್ಲ. ಆದರೆ ಸಿಟ್ಟಿಗಿಂತ ಸಂಕಟ ಹೆಚ್ಚು. ತಾಯಿ ಕಳಕೊಂಡ ಮಗನನ್ನು ನೋಯಿಸಿಬಿಟ್ಟೆವಲ್ಲ.

ಕಲ್ಲು ಕೀಳುವುದಿಲ್ಲ. ನೂರಾರು ಜನ ನೀರು ಕುಡಿದು ಇಳಿದ ಕಲ್ಲು ಅದು. ಅದನ್ನು ಕಿತ್ತರೆ ಆ ತಾಯಿಯನ್ನು ತವರಿಂದ ಹೊರಗೆ ಹಾಕಿದ ಹಾಗೆ. ಆದರೆ ಒಳಗೆ ನೀರೂ ಬಿಡುತ್ತಿಲ್ಲ. ವೀರಮ್ಮ ಆ ಹೆಸರಿನ ಮೇಲೆ ಗೋಣಿಚೀಲ ಹೊದಿಸಿ ಹೊರಗೆ ಬೇವಿನ ಮರದ ಕೆಳಗೆ ಮಡಕೆ ಇಟ್ಟುಕೊಂಡು ಕೂತಿದ್ದಾಳೆ. "ಮನಸ್ಸಿಲ್ಲದೆ ಕೊಟ್ಟದ್ದರ ಮೇಲೆ ನಿಂತು ನೀರು ಬಿಡಬಾರ್ದು. ಆ ಮಗ ಹೂಂ ಅನ್ನೋ ತನಕ ಆ ಮೆಟ್ಟಿಲು ಹತ್ತಲ್ಲ" ಎನ್ನುತ್ತಾಳೆ. ಊರೆಲ್ಲ ಹೇಳಿದರೂ ಕೇಳುತ್ತಿಲ್ಲ.

ಏಪ್ರಿಲ್ 9ಕ್ಕೆ ಸಾಹೇಬರು ಬಂದಾಗ ಒಳಗೆ ಯಾರೂ ಇರುವುದಿಲ್ಲ. ಪಾಳು ಅಂತ ಬರೆಯುತ್ತಾರೆ. ಏನು ಮಾಡಬೇಕೋ ತಿಳಿಯುತ್ತಿಲ್ಲ, ನೀವಾದರೂ ಹೇಳಿ.

ಏಕಾಂತಮ್ಮ

⁂

ಬೆಂಗಳೂರು
31 ಮಾರ್ಚ್ 2025

ಅಮ್ಮಾ,

ಇದು ಕಚೇರಿಯ ಕಾಗದವಲ್ಲ. ಇವತ್ತು ನನ್ನ ಕೊನೆಯ ದಿನ. ನನ್ನ ಕೆಲಸ ಗುತ್ತಿಗೆಯದ್ದು. ವರ್ಷಾಂತ್ಯಕ್ಕೆ ಮುಗಿದ ಒಂದು ಯೋಜನೆಯನ್ನಾದರೂ ತೋರಿಸಿದ್ದರೆ ಮುಂದುವರಿಯುತ್ತಿತ್ತು. ನಿಮ್ಮ ಅರವಟಿಗೆಯೇ ನನಗಿದ್ದ ಒಂದೇ ಯೋಜನೆ. ಇದನ್ನು ನಿಮಗೆ ಮೊದಲೇ ಹೇಳಲಿಲ್ಲ.

ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ನಮ್ಮೂರು ಹೊಳಲ್ಕೆರೆ. ನಮ್ಮಜ್ಜಿ ಗುಡಿಗೆ ಹೋದಾಗಲೆಲ್ಲ ಮೆಟ್ಟಿಲ ಮೇಲಿನ ಹೆಸರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ತುಳಿಯೋ, ತುಳಿದ್ರೇ ಅವ್ರಿಗೆ ಒಳ್ಳೇದು" ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದಳು. ನಿಮ್ಮ ಮೊದಲ ಪತ್ರದಲ್ಲಿ ಮೆಟ್ಟಿಲಿನ ಹೆಸರು ಓದಿದ್ದೆ, ನೆನಪಾಗಲಿಲ್ಲ. ಆದರೆ ಯಜಮಾನರು ಎರಡನೇ ಚಿತ್ರವನ್ನು ಮೇಜಿನ ಮೇಲೆ ಎಸೆದು, "ನನ್ನ ತಾಯಿಯನ್ನು ಕಾಲಲ್ಲಿ ತುಳಿಸಿದ್ದಾರೆ" ಎಂದು ಕೂಗಿದಾಗ ಎಲ್ಲವೂ ನೆನಪಾಯಿತು. ಎದುರಿಗೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಈಗ ಕೆಲಸವೂ ಹೋಯಿತು.

ಹೊರಡುವ ಮುಂಚೆ ನಿಮ್ಮ 20ನೇ ತಾರೀಖಿನ ಪತ್ರವನ್ನು ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಓದುತ್ತಾರೋ, ಕಸದ ಬುಟ್ಟಿಗೆ ಹಾಕುತ್ತಾರೋ ಗೊತ್ತಿಲ್ಲ. ನಾಳೆ ಊರಿಗೆ ಹೋಗುತ್ತೇನೆ. ವಿಳಾಸ ಹಿಂದಿನ ಪುಟದಲ್ಲಿದೆ.

ನಿಮ್ಮ,
ಮೋಹನ್

⁂

ಯಲ್ಲದಕೆರೆ
4 ಏಪ್ರಿಲ್ 2025

ಚಿ. ಮೋಹನನಿಗೆ ಆಶೀರ್ವಾದಗಳು.

ಹೊಳಲ್ಕೆರೆಯವನಾಗಿ ಇಷ್ಟು ದಿನ 'ಮಾನ್ಯರೇ, ಮಾನ್ಯರೇ' ಅಂತ ಬರೆದೆಯಲ್ಲೋ! ಮೊದಲೇ ಹೇಳಿದ್ದರೆ ಬೈಯಲು ಎಷ್ಟು ಅನುಕೂಲವಾಗುತ್ತಿತ್ತು. ಬಾಯಿ ಬಿಡಲಿಲ್ಲ ಎಂದು ಬರೆದಿದ್ದೀಯ. ತಪ್ಪೇ ಅದು, ಅಲ್ಲ ಅನ್ನುವುದಿಲ್ಲ. ಆದರೆ ಬರೆದು ಹೇಳಿದೆಯಲ್ಲ, ಅಷ್ಟು ಸಾಕು. ಉಂಡು ಮಲಗು. ಕೆಲಸ ಇನ್ನೊಂದು ಸಿಗುತ್ತದೆ.

ಇಲ್ಲಿಯ ಸಂಗತಿ ಹಾಗೇ ಇದೆ. ನಿನ್ನೆ ಮಾತ್ರ ಒಂದು ತಮಾಷೆ ನಡೆಯಿತು. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬ ವಯಸ್ಸಾದ ಮನುಷ್ಯ ತಿರುವಿನ ಕಡೆಯಿಂದ ನಡೆದು ಬಂದ. ಬಿಳಿ ಅಂಗಿ, ಮುಖವೆಲ್ಲ ಬೆವರು. "ಬರ್ರಿ, ಕುಂತ್ಕಳ್ರಿ" ಎಂದಳು ವೀರಮ್ಮ. ಆತ ಎಡಗೈ ಚಾಚಿದ. "ಎಡಗೈಗೆ ನೀರು ಬಿಡಾಕಿಲ್ಲ ಯಜಮಾನ್ರೇ" ಎಂದೆ ನಾನು. ಆಮೇಲೆ ನೋಡಿದರೆ ಬಲಗೈ ಹಾಗೇ ಜೋತುಬಿದ್ದಿತ್ತು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ವೀರಮ್ಮ ತನ್ನ ಎಡಗೈಯನ್ನು ಅವರ ಅಂಗೈಗೆ ಜೋಡಿಸಿ ಬೊಗಸೆ ಮಾಡಿ ನೀರು ಬಿಟ್ಟಳು. ಬಹಳ ಹೊತ್ತು ಕುಡಿದರು.

ಆಮೇಲೆ, "ಒಳಗೆ ಯಾಕೆ ಕೂತಿಲ್ಲ? ಆ ಚೀಲ ಯಾಕೆ?" ಎಂದು ಕೇಳಿದರು. ಅವರ ಕನ್ನಡ ಒಂಥರಾ ಇತ್ತು. ನಾನು ಹೇಳಬೇಕಾದ್ದನ್ನೂ ಹೇಳಿದೆ, ಬೇಡದ್ದನ್ನೂ ಹೇಳಿದೆ. "ದುಡ್ಡಿರೋ ಜನಕ್ಕೆ ತಲೆ ಮೇಲೆ ಹೊತ್ತದ್ದೇ ಮರ್ಯಾದೆ ಕಣ್ರೀ. ಆ ಮಗನಿಗೆ ಅವ್ವನ ಊರಿನ ಒಂದು ಮಾತೂ ಗೊತ್ತಿಲ್ಲ" ಎಂದೂ ಅಂದೆ. ಆತ ತಲೆ ಆಡಿಸುತ್ತಾ ಕೇಳಿದರು. ಎದ್ದು ಹೋಗಿ ಮೆಟ್ಟಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಚೀಲ ಸರಿಸಿ ಆ ಅಕ್ಷರಗಳ ಮೇಲೆ ಕೈ ಆಡಿಸಿದರು.

ನನಗೆ ರೇಗಿತು. "ರೀ, ಅದನ್ನ ತೆಗಿಯಾಕೆ ನೀವ್ಯಾರು? ಅವರ ಮಗ ಒಪ್ಪೋ ತನಕ ಯಾರೂ ಮುಟ್ಟಂಗಿಲ್ಲ" ಎಂದು ಕೂಗಿದೆ. ಪಾಪ, ಒಂದೇ ಕೈಯಲ್ಲಿ ಮೊದಲಿದ್ದ ಹಾಗೇ ಹೊದಿಸಿ, ಅಂಚು ಸರಿಮಾಡಿ, ಬಂದ ದಾರಿಯಲ್ಲೇ ಹೋದರು. ಯಾರೋ ಏನೋ. ಹೆಸರು ಕೇಳುವ ಹಾಗಿಲ್ಲವಲ್ಲ.

ಇನ್ನು ಐದು ದಿನ.

ಏಕಾಂತಮ್ಮ

⁂

ಹೊಳಲ್ಕೆರೆ
4 ಏಪ್ರಿಲ್ 2025

ಅಮ್ಮಾ,

ಇದು ನಿಮಗೆ ಬೇಗ ಸಿಗಬೇಕು, ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ನಾನೇ ಬಸ್ ಹತ್ತಿ ಬರಬಹುದಿತ್ತು. ಆದರೆ ಮುದ್ರೆ ಬೀಳದ ಮಾತನ್ನು ನೀವು ನಂಬುವವರಲ್ಲ.

ನಿನ್ನೆ ಸಂಜೆ ನಮ್ಮ ಮನೆ ಮುಂದೆ ಒಂದು ಕಾರು ನಿಂತಿತು. ಯಜಮಾನರು ಇಳಿದರು. ಚಾಲಕ ಹೇಳಿದ, ಯಲ್ಲದಕೆರೆಯ ತಿರುವಿನಲ್ಲಿ ಕಾರು ನಿಲ್ಲಿಸಿ ಒಬ್ಬರೇ ನಡೆದು ಹೋಗಿದ್ದರಂತೆ. ಏನು ನಡೆಯಿತು ಎಂದು ಕೇಳಿದೆ. "ಬೈಸಿಕೊಂಡು ಬಂದೆ. ನಮ್ಮಮ್ಮನೂ ಹೀಗೇ ಬೈಯುತ್ತಿದ್ದಳು, ಇದೇ ಮಾತಿನಲ್ಲಿ" ಎಂದಷ್ಟೇ ಹೇಳಿದರು. ನಮ್ಮಮ್ಮ ಕೊಟ್ಟ ಮಂಡಕ್ಕಿ ತಿಂದರು. ಕಾಗದ, ಪೆನ್ನು ಕೇಳಿದರು. ಒಂದು ಸಾಲು ಬರೆಯಲು ಕಾಲು ಗಂಟೆ ಹಿಡಿಯಿತು. "ಇದನ್ನು ನಾಳೆಯೇ ಅವರಿಗೆ ಕಳಿಸು. ನಾನೇ ಚೀಲ ಸರಿಸಿದರೆ ಅವರು ಬಿಡಲಿಲ್ಲ, ನೀವ್ಯಾರು ಎಂದರು" ಎಂದರು. ಅದೇ ಚೀಟಿ ಇದರ ಜೊತೆಗಿದೆ. ಎಡಗೈ ಅಕ್ಷರ, ಸ್ವಲ್ಪ ಬಿಡಿಸಿಕೊಂಡು ಓದಿ.

ನಿಮ್ಮ,
ಮೋಹನ್

[ಚೀಟಿ]

ತುಳಿಯಿರಿ.
— ಚಂದ್ರಕ್ಕನ ಮಗ

⁂

ಯಲ್ಲದಕೆರೆ
10 ಏಪ್ರಿಲ್ 2025

ಚಿ. ಮೋಹನನಿಗೆ,

ಅಯ್ಯೋ ಶಿವನೇ! ನಿನ್ನ ಕಾಗದ ಎಂಟನೇ ತಾರೀಖು ಮಧ್ಯಾಹ್ನ ಬಂತು. ಎಡಗೈ ಸಹಿಯ ಮಾತನ್ನು ನೀನು ಫೆಬ್ರವರಿಯಲ್ಲೇ ಬರೆದಿದ್ದೆ. ಮೂವತ್ತೊಂದು ವರ್ಷ ಊರಿನವರ ಕಾಗದವನ್ನೆಲ್ಲ ಸರಿಯಾದ ಮನೆಗೆ ಸೇರಿಸಿದವಳು, ಎದುರಿಗೆ ಬಂದು ನಿಂತ ಮನುಷ್ಯನ ಗುರುತು ಹಿಡಿಯಲಿಲ್ಲ. ಆಡಿದ ಮಾತಿಗೆ ನಾಚಿಕೆಯಾಗುತ್ತಿದೆ. ಆದರೆ ವಾಪಸ್ ತೆಗೆದುಕೊಳ್ಳುವುದಿಲ್ಲ, ಸುಳ್ಳೇನೂ ಆಡಿರಲಿಲ್ಲ.

ಚೀಟಿಯನ್ನು ವೀರಮ್ಮನಿಗೆ ಓದಿ ಹೇಳಿದೆ. ಒಂದೇ ಪದ, ಮೂರು ಸಲ ಓದಿಸಿದಳು. ಚೀಲ ತೆಗೆದು ಕೊಡವಿ ಮಡಚಿಟ್ಟಳು, ಕಲ್ಲಿಗೆ ನೀರು ಹಾಕಿ ತೊಳೆದಳು. ಮೊದಲು ಯಾರು ತುಳಿಯಬೇಕು ಎಂದು ನಾವು ನೀನು ಮೊದಲು, ನೀನು ಮೊದಲು ಅಂತ ನಿಂತಿರುವಾಗ ಏಕಾಏಕಿ ಶಿವಗಂಗಮ್ಮನ ಮೇಕೆ ಬಂದು ಹತ್ತಿ ಒಳಗೆ ಆಗಷ್ಟೇ ತುಂಬಿಸಿದ್ದ ನೀರಿನ ಬಾನಿಗೆ ಬಾಯಿ ಹಾಕಿತು. ಸರಿ, ಶಾಸ್ತ್ರ ಮುಗಿಯಿತು.

ನಿನ್ನೆ ಅಳತೆಯ ಸಾಹೇಬರು ಬಂದರು. ವೀರಮ್ಮ ಒಳಗೆ ಕೂತಿದ್ದಳು, ಹನ್ನೆರಡು ಜನ ಸಾಲಿನಲ್ಲಿದ್ದರು. ಸಾಹೇಬರೂ ಚಪ್ಪಲಿ ಬಿಟ್ಟು ಹತ್ತಿ ಬೊಗಸೆಯೊಡ್ಡಿದರು. ಅವರ ಹೆಸರನ್ನೂ ನಾವು ಕೇಳಲಿಲ್ಲ. ಕುಡಿದು, ಮೀಸೆ ಒರೆಸಿಕೊಂಡು, ಪುಸ್ತಕ ತೆಗೆದು 'ಬಳಕೆಯಲ್ಲಿದೆ' ಎಂದು ಬರೆದರು. ನಾನು ಪಕ್ಕದಲ್ಲೇ ನಿಂತು ಅಕ್ಷರ ಅಕ್ಷರ ಓದಿದೆ. ತಡೆಹಿಡಿದಿದ್ದ ಹಣವೂ ಬಂತು, ಚಪ್ಪಡಿಗಳು ಬಸವ ಜಯಂತಿಯೊಳಗೆ ಮೇಲೇರುತ್ತವೆ ಎಂದು ಕಾಟಪ್ಪ ಹೇಳುತ್ತಿದ್ದಾನೆ. ಆ ದಿನಕ್ಕೆ ನೀನು ಬರಬೇಕು, ನಿನ್ನ ಯಜಮಾನರನ್ನೂ ಕರಕೊಂಡು ಬಾ. ಕಾರು ಅರವಟಿಗೆಯವರೆಗೂ ಬರಬಹುದು ಎಂದು ಹೇಳು, ಬೈಯುವುದಿಲ್ಲ.

ಇವತ್ತು ಬೆಳಗ್ಗೆ ಆ ಮೆಟ್ಟಿಲ ಮೇಲೆ ಕೂತು ಬೆರಳಲ್ಲಿ ತಿದ್ದಿ ನೋಡಿದೆ. ಗೀರು ಇನ್ನೂ ಹೊಸದು, ಬೆರಳಿಗೆ ಚುಚ್ಚುತ್ತದೆ. ಹೆಚ್ಚು ಕಾಲು ಬೀಳುವುದು 'ಚಂದ್ರ'ದ ಕಡೆ, ಅದೇ ಮೊದಲು ಸವೆಯುತ್ತದೆ ಎಂದ ಕಾಟಪ್ಪ. ನಾವೆಲ್ಲ ಹೋದ ಮೇಲೆ ಅಲ್ಲಿ 'ಕ್ಕ' ಒಂದೇ ಉಳಿದಿರುತ್ತದೆ. ಯಾವ ಅಕ್ಕನೋ ಅಂದುಕೊಂಡು ಜನ ನೀರು ಕುಡಿದು ಹೋಗುತ್ತಾರೆ.

ಇಂತಿ ನಿನ್ನ,
ಏಕಾಂತಮ್ಮ